ಮದುವೆಯ ಕಥೆಯೊಳಗಿನ ಆಸ್ತಿಯ ಲೆಕ್ಕ

ಪ್ರಶ್ನೆ: ನಾನು ಎಂ.ಎ. ಇಂಗ್ಲಿಷ್ ವಿದ್ಯಾರ್ಥಿನಿ. ಇಂಗ್ಲಿಷಿನ ಆರಂಭದ ಕಾದಂಬರಿಗಳಲ್ಲಿ ಹೆಣ್ಣಿನ ಹೋರಾಟ ಹೇಗೆ ಬಂದಿದೆ ಅಂತ ಪ್ರಬಂಧ ಬರೆಯಬೇಕು. ಆದರೆ ಓದಿದಷ್ಟೂ ಬೇಸರವಾಗುತ್ತಿದೆ. ಎಲ್ಲರಿಗೂ ಮದುವೆಯದೇ ಚಿಂತೆ. ಊಟ ಬಟ್ಟೆಗೆ ಕೊರತೆ ಇಲ್ಲದವರ ಈ ಸಂಕಟವನ್ನು ಹೋರಾಟ ಅನ್ನಬಹುದೇ? ಅದೂ ಅಲ್ಲದೆ, ಮೊದಮೊದಲು ಬರೆದ ದೊಡ್ಡ ಹೆಸರುಗಳೆಲ್ಲ ಗಂಡಸರವು. ಹೆಣ್ಣಿನ ಕಷ್ಟದ ಬಗ್ಗೆ ಅವರ ಮಾತನ್ನು ಎಷ್ಟು ನಂಬಬಹುದು? ಬಡ ಹೆಂಗಸರು ಈ ಪುಸ್ತಕಗಳಲ್ಲಿ ಇದ್ದಾರೆಯೇ?

ಉತ್ತರ: ನಿಮ್ಮ ಬೇಸರ ಸಹಜವೇ. ನೂರಾರು ಪುಟ ದಾಟಿದ ಮೇಲೂ ಆ ಹುಡುಗಿ ಯಾರ ಕೈ ಹಿಡಿಯುತ್ತಾಳೆ ಎಂಬುದೊಂದೇ ಪ್ರಶ್ನೆ ಉಳಿದಿದ್ದರೆ ಯಾರಿಗಾದರೂ ಸಾಕೆನಿಸುತ್ತದೆ. ಆದರೆ ಈ ಪುಸ್ತಕಗಳನ್ನು ಪ್ರೇಮಕಥೆ ಅಂತ ಓದುವುದರಿಂದಲೇ ಹೀಗಾಗುತ್ತಿದೆ ಅನ್ನಿಸುತ್ತದೆ. ಒಮ್ಮೆ ದುಡ್ಡಿನ ಕಥೆ ಅಂತ ಓದಿ ನೋಡಿ. ಒಬ್ಬ ಹೆಂಗಸು ಕಥೆಯೊಳಗೆ ಬಂದ ಕೂಡಲೇ ಕೇಳಿಕೊಳ್ಳಿ: ಇವಳು ಇರುವ ಮನೆ ಯಾರ ಹೆಸರಿನಲ್ಲಿದೆ? ಕೈಖರ್ಚಿಗೆ ಯಾರು ಕೊಡುತ್ತಾರೆ? ಹೊರಗೆ ಹಾಕಿದರೆ ಇವತ್ತು ರಾತ್ರಿ ಎಲ್ಲಿ ಮಲಗಬೇಕು? ಈ ಮೂರು ಪ್ರಶ್ನೆ ಕೈಯಲ್ಲಿದ್ದರೆ ಅದೇ ಪುಟಗಳು ಬೇರೆ ಥರ ಕಾಣುತ್ತವೆ. ಮದುವೆಯ ಚಿಂತೆ ಅಂತ ನೀವು ಹೇಳಿದ್ದು ಆ ಹೆಂಗಸರ ಪಾಲಿಗೆ ಬದುಕಿನ ಚಿಂತೆಯೇ ಆಗಿತ್ತು.

ಯಾಕೆ ಅಂತ ತಿಳಿಯಲು ಆಗಿನ ಕಾನೂನು ಸ್ವಲ್ಪ ಗೊತ್ತಿರಬೇಕು. ಇಂಗ್ಲೆಂಡಿನಲ್ಲಿ ಮದುವೆಯಾಗದ ವಯಸ್ಕ ಹೆಂಗಸಿಗೂ ವಿಧವೆಗೂ ಸ್ವಂತ ಆಸ್ತಿ ಇಟ್ಟುಕೊಳ್ಳುವ ಹಕ್ಕಿತ್ತು. ಅವಳು ಕರಾರು ಮಾಡಬಹುದಿತ್ತು, ಕೋರ್ಟಿಗೆ ಹೋಗಬಹುದಿತ್ತು. ತಾಳಿ ಇಲ್ಲದ ದೇಶವಾದರೂ ಚರ್ಚಿನಲ್ಲಿ ಉಂಗುರ ತೊಟ್ಟ ಗಳಿಗೆಯಿಂದ ಅದೆಲ್ಲ ನಿಂತುಹೋಗುತ್ತಿತ್ತು. ಅವಳ ಹಣ, ಸಾಮಾನು, ದುಡಿದ ಕೂಲಿ ಗಂಡನದು. ಜಮೀನಿದ್ದರೆ ಅದರ ಗೇಣಿ ಅವನ ಕೈಗೆ. ಮಕ್ಕಳೂ ಕಾನೂನಿನ ಪ್ರಕಾರ ಅವನವೇ. ವಿಲಿಯಂ ಬ್ಲ್ಯಾಕ್‌ಸ್ಟನ್ ಎಂಬ ಕಾನೂನು ಪಂಡಿತ 1765ರಲ್ಲಿ ಇದನ್ನು ಮುಚ್ಚುಮರೆ ಇಲ್ಲದೆ ಬರೆದಿಟ್ಟ. ಗಂಡ ಹೆಂಡತಿ ಕಾನೂನಿನ ಕಣ್ಣಿಗೆ ಒಬ್ಬನೇ ವ್ಯಕ್ತಿ, ಮದುವೆ ಇರುವಷ್ಟು ದಿನ ಹೆಂಗಸಿನ ಕಾನೂನುಬದ್ಧ ಅಸ್ತಿತ್ವವೇ ಅಮಾನತಾಗಿರುತ್ತದೆ ಅಂತ. ಶ್ರೀಮಂತರು ಮದುವೆಗೆ ಮುಂಚೆ ವಕೀಲರನ್ನು ಕೂರಿಸಿ ಮಗಳಿಗೆ ಇಷ್ಟು ಕೈಖರ್ಚು, ವಿಧವೆಯಾದರೆ ಇಷ್ಟು ಜೀವನಾಂಶ ಅಂತ ಪತ್ರ ಮಾಡಿಸುತ್ತಿದ್ದರು. ಉಳಿದವರಿಗೆ ಅದೂ ಇಲ್ಲ. ವಿಚ್ಛೇದನ ಬೇಕೆಂದರೆ ಪಾರ್ಲಿಮೆಂಟಿನಲ್ಲಿ ಅವರಿಗಾಗಿಯೇ ಒಂದು ಕಾಯ್ದೆ ಪಾಸಾಗಬೇಕಿತ್ತು. 1857ರಲ್ಲಿ ಈ ಪದ್ಧತಿ ಹೋಗುವ ತನಕ ಹಾಗೆ ಬಿಡುಗಡೆ ಪಡೆದ ಹೆಂಗಸರು ನಾಲ್ಕೇ ನಾಲ್ಕು ಜನ.

ಇದನ್ನು ತಲೆಯಲ್ಲಿಟ್ಟುಕೊಂಡು ಡೇನಿಯಲ್ ಡಿಫೊನ 'ರೊಕ್ಸಾನಾ' ತೆಗೆಯಿರಿ. 1724ರ ಪುಸ್ತಕ. ರೊಕ್ಸಾನಾಳ ಗಂಡ ಬಿಯರ್ ತಯಾರಿಸುವವನು, ಶುದ್ಧ ದಡ್ಡ. ಎಲ್ಲ ಕಳೆದು, ಐದು ಮಕ್ಕಳನ್ನೂ ಹೆಂಡತಿಯನ್ನೂ ಬಿಟ್ಟು ಒಂದು ದಿನ ಹೊರಟುಹೋಗುತ್ತಾನೆ. ಅವಳು ಮನೆಯ ಸಾಮಾನು ಒಂದೊಂದೇ ಮಾರಿ ಹೊಟ್ಟೆ ಹೊರೆಯುತ್ತಾಳೆ. ಕೊನೆಗೆ ನೆಲದ ಮೇಲೆ ಹಳೆ ಬಟ್ಟೆಗಳ ಗುಡ್ಡೆ ಹಾಕಿಕೊಂಡು, ಇದರಲ್ಲಿ ಮಾರಲು ಇನ್ನೇನಾದರೂ ಉಳಿದಿದೆಯಾ ಅಂತ ಹುಡುಕುತ್ತಾ ಅಳುತ್ತಾ ಕೂತಿರುತ್ತಾಳೆ. ಮಕ್ಕಳನ್ನು ಗಂಡನ ಅಕ್ಕತಂಗಿಯರ ಮನೆಗೆ ದಾಟಿಸಿಬಿಡುವ ಉಪಾಯ ಹೂಡುವವಳು ಕೆಲಸದ ಹುಡುಗಿ ಏಮಿ. ಆಮೇಲೆ ಬಾಡಿಗೆ ಮನೆಯ ಯಜಮಾನ ಸಹಾಯಕ್ಕೆ ಬರುತ್ತಾನೆ. ಆ ಸಹಾಯಕ್ಕೆ ಅವನು ಕೇಳುವ ಬೆಲೆ ಏನೆಂದು ಹೇಳಬೇಕಾಗಿಲ್ಲ. ಅಲ್ಲಿಂದ ಅವಳು ಒಬ್ಬರಾದ ಮೇಲೆ ಒಬ್ಬರ ಆಶ್ರಯದಲ್ಲಿದ್ದು ದೊಡ್ಡ ಸಾಹುಕಾರ್ತಿಯಾಗುತ್ತಾಳೆ.

ನನಗೆ ಈ ಪುಸ್ತಕದಲ್ಲಿ ತುಂಬ ಮುಖ್ಯ ಅನ್ನಿಸುವುದು ಆಮೇಲಿನ ಭಾಗ. ಒಬ್ಬ ಡಚ್ ವ್ಯಾಪಾರಿ, ಒಳ್ಳೆಯವನೇ, ಮದುವೆಯಾಗೋಣ ಅನ್ನುತ್ತಾನೆ. ರೊಕ್ಸಾನಾ ಒಪ್ಪುವುದಿಲ್ಲ. ಮದುವೆಯ ಕರಾರು ಅಂದರೆ ಸ್ವಾತಂತ್ರ್ಯ, ಆಸ್ತಿ, ಅಧಿಕಾರ ಎಲ್ಲವನ್ನೂ ಗಂಡಸಿಗೆ ಒಪ್ಪಿಸುವುದು, ಅಲ್ಲಿಂದ ಮುಂದೆ ಹೆಂಗಸು ಗುಲಾಮಳೇ ಅಂತ ವಾದಿಸುತ್ತಾಳೆ. ಇಟ್ಟುಕೊಂಡವಳಾಗಿದ್ದರೆ ತನ್ನ ದುಡ್ಡು ತನ್ನದಾಗಿಯೇ ಉಳಿಯುತ್ತದೆ, ಹೆಂಡತಿಯಾದರೆ ಉಳಿಯುವುದಿಲ್ಲ ಎಂಬುದು ಅವಳ ಲೆಕ್ಕ. ಕಾನೂನಿನ ಪ್ರಕಾರ ಆ ಲೆಕ್ಕದಲ್ಲಿ ತಪ್ಪಿಲ್ಲ. ಡಿಫೊ ಅವಳನ್ನು ಹೊಗಳುವುದಿಲ್ಲ. ಕಥೆಯ ಕೊನೆಯಲ್ಲಿ ಪಶ್ಚಾತ್ತಾಪ, ಭಯ ಎಲ್ಲವೂ ಅವಳನ್ನು ಅಟ್ಟಿಸಿಕೊಂಡು ಬರುತ್ತವೆ, ಅವಳು ಬಿಟ್ಟುಬಂದ ಮಗಳೇ ಅವಳನ್ನು ಹುಡುಕಿಕೊಂಡು ಬರುತ್ತಾಳೆ. ಆದರೆ ಆ ವಾದಕ್ಕೆ ಸರಿಯಾದ ಉತ್ತರವನ್ನು ಮಾತ್ರ ಪುಸ್ತಕದಲ್ಲಿ ಯಾರೂ ಕೊಡುವುದಿಲ್ಲ. ಇದನ್ನು ನಿಮ್ಮ ಪ್ರಬಂಧದಲ್ಲಿ ಬಿಡಬೇಡಿ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಇಂಗ್ಲಿಷ್ ಕಾದಂಬರಿಗಳಲ್ಲಿ ಕೈಯಲ್ಲಿ ದುಡ್ಡಿರುವ ವಿಧವೆ ಎಲ್ಲರಿಗಿಂತ ಸ್ವತಂತ್ರಳು. ನಮ್ಮಲ್ಲಿ 1899ರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ನೋಡಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಹೇಳುವ ಆ ಪುಸ್ತಕದಲ್ಲಿ ಎಲ್ಲಕ್ಕಿಂತ ಬಿಗಿಯಾದ ಕಟ್ಟಿಗೆ ಸಿಕ್ಕಿದವಳು ವಿಧವೆಯೇ. ಹೆಣ್ಣಿನ ಕಷ್ಟ ಎಲ್ಲ ಕಡೆ ಒಂದೇ ಅಂತ ಸುಮ್ನೆ ಬರೆದುಬಿಟ್ಟರೆ ಇಂಥ ವ್ಯತ್ಯಾಸ ಮರೆಯಾಗುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಗಂಡಸರ ಮಾತನ್ನು ನಂಬಬಹುದೇ?

ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಲಂಡನ್ನಿನಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿದ್ದವನು. ಚಿಕ್ಕವನಿದ್ದಾಗ, ಸುಮಾರು ಹದಿಮೂರು ವರ್ಷದಲ್ಲಿ, ಊರಿನ ಹುಡುಗಿಯರು ತಮ್ಮ ಪ್ರೇಮಪತ್ರಗಳಿಗೆ ಉತ್ತರವನ್ನು ಅವನ ಕೈಯಲ್ಲಿ ಬರೆಸುತ್ತಿದ್ದರಂತೆ. ಒಬ್ಬಳ ಗುಟ್ಟು ಇನ್ನೊಬ್ಬಳಿಗೆ ಹೇಳುತ್ತಿರಲಿಲ್ಲ. ಅವನೇ ಹೇಳಿಕೊಂಡ ಮಾತಿದು. ಐವತ್ತು ದಾಟಿದ ಮೇಲೆ ಅವನು ಬರೆದ ಮೊದಲ ಕಾದಂಬರಿ 'ಪಮೇಲಾ' 1740ರಲ್ಲಿ ಬಂತು. ಪಮೇಲಾ ಹದಿನೈದು ವರ್ಷದ ಕೆಲಸದ ಹುಡುಗಿ. ಯಜಮಾನಿ ತೀರಿಕೊಂಡ ಮೇಲೆ ಮಗ ಯಜಮಾನನಾಗುತ್ತಾನೆ, ಇವಳ ಬೆನ್ನು ಬೀಳುತ್ತಾನೆ. ಕೊನೆಗೆ ಅವನೇ ಅವಳನ್ನು ಮದುವೆಯಾಗುತ್ತಾನೆ, ಅದನ್ನು ಶೀಲಕ್ಕೆ ಸಿಕ್ಕ ಬಹುಮಾನ ಅಂತ ಪುಸ್ತಕದ ಹೆಸರಿನಲ್ಲೇ ಬರೆದಿದೆ. ಆ ಬಹುಮಾನ ನನಗೂ ಒಪ್ಪಿಗೆಯಾಗಿಲ್ಲ. ಆದರೆ ಒಂದು ದೃಶ್ಯ ಗಮನಿಸಿ. ಕೆಲಸ ಬಿಟ್ಟು ಅಪ್ಪ ಅಮ್ಮನ ಮನೆಗೆ ಹೊರಡುವ ಮುಂಚೆ ಪಮೇಲಾ ತನ್ನ ಬಟ್ಟೆಗಳನ್ನು ಮೂರು ಗಂಟು ಮಾಡುತ್ತಾಳೆ. ತೀರಿಹೋದ ಯಜಮಾನಿ ಕೊಟ್ಟದ್ದು ಒಂದು ಗಂಟು. ಈಗಿನ ಯಜಮಾನ ಕೊಟ್ಟದ್ದು ಇನ್ನೊಂದು. ತನ್ನ ಸ್ವಂತದ್ದು, ಒರಟು ಬಟ್ಟೆಯ ಚಿಕ್ಕ ಗಂಟು, ಮೂರನೆಯದು. ಅದೊಂದನ್ನೇ ಅವಳು ತೆಗೆದುಕೊಂಡು ಹೋಗುವುದು. ಕೊಟ್ಟವನು ನಾಳೆ ಏನು ಕೇಳುತ್ತಾನೆ ಎಂದು ಗೊತ್ತಿರುವ ಹುಡುಗಿ ಹೀಗೆಯೇ ಗಂಟು ಕಟ್ಟುತ್ತಾಳೆ. ಇದನ್ನು ಬರೆದವನು ಹೆಂಗಸರ ಮಾತಿಗೆ ಕಿವಿಗೊಟ್ಟವನು ಅನ್ನುವುದರಲ್ಲಿ ಸಂಶಯವಿಲ್ಲ.

ಆದರೆ ಅವನ ನಿಜವಾದ ದೊಡ್ಡ ಪುಸ್ತಕ 'ಕ್ಲಾರಿಸ್ಸಾ'. 1747–48ರಲ್ಲಿ ಏಳು ಸಂಪುಟಗಳಲ್ಲಿ ಬಂತು, ಹತ್ತಿರ ಹತ್ತಿರ ಹತ್ತು ಲಕ್ಷ ಪದ. ಪೂರ್ತಿ ಕಾಗದಗಳಲ್ಲೇ ನಡೆಯುವ ಕಥೆ. ಇದರ ಬೇರು ಒಂದು ಉಯಿಲಿನಲ್ಲಿದೆ. ತನ್ನನ್ನು ಪ್ರೀತಿಯಿಂದ ನೋಡಿಕೊಂಡ ಮೊಮ್ಮಗಳು ಕ್ಲಾರಿಸ್ಸಾ ಹಾರ್ಲೋಗೆ ಅಜ್ಜ ತನ್ನ ಎಸ್ಟೇಟ್ ಬರೆದಿಟ್ಟು ಸಾಯುತ್ತಾನೆ. ಅಣ್ಣನಿಗೂ ಅಕ್ಕನಿಗೂ ಹೊಟ್ಟೆ ಉರಿಯುತ್ತದೆ. ದೊಡ್ಡಪ್ಪ ಚಿಕ್ಕಪ್ಪಂದಿರೂ ಹೀಗೇ ಮಾಡಿಬಿಟ್ಟರೆ ಅನ್ನುವ ಭಯ ಅಣ್ಣ ಜೇಮ್ಸ್‌ಗೆ. ಮನೆತನದ ಆಸ್ತಿಯೆಲ್ಲ ತನ್ನಲ್ಲೇ ಸೇರಿ ತಾನು ಲಾರ್ಡ್ ಆಗಬೇಕು ಎಂಬುದು ಅವನ ಆಸೆ. ಗಂಡುಮಕ್ಕಳನ್ನು ಸಾಕುವುದು ನಮ್ಮ ಊಟಕ್ಕೆ ನಾವೇ ಕೋಳಿ ಸಾಕಿದ ಹಾಗೆ, ಹೆಣ್ಣುಮಕ್ಕಳೋ ಬೇರೆಯವರ ಊಟದ ಮೇಜಿಗೆ ಬೆಳೆಸಿದ ಕೋಳಿಗಳು ಅಂತ ಅವನು ಬಾಯಿಬಿಟ್ಟು ಹೇಳುತ್ತಾನೆ.

ಕ್ಲಾರಿಸ್ಸಾ ಮನೆಯವರ ಮನಸ್ಸು ನೋಯಬಾರದು ಅಂತ ಆ ಎಸ್ಟೇಟಿನ ಆಡಳಿತವನ್ನು ಅಪ್ಪನ ಕೈಗೇ ಒಪ್ಪಿಸಿಬಿಡುತ್ತಾಳೆ. ಅಷ್ಟಾದರೂ ಸಾಕಾಗುವುದಿಲ್ಲ. ಸಾಮ್ಸ್ ಎಂಬ ಶ್ರೀಮಂತನ ಜೊತೆ ಮದುವೆ ಗೊತ್ತು ಮಾಡುತ್ತಾರೆ. ಅವನನ್ನು ಕಂಡರೆ ಅವಳಿಗೆ ಅಸಹ್ಯ. ಅವನ ಒಂದೇ ಯೋಗ್ಯತೆ ಏನೆಂದರೆ ಹಾರ್ಲೋ ಮನೆಗೆ ಲಾಭವಾಗುವ ಷರತ್ತುಗಳಿಗೆಲ್ಲ ಅವನು ತಲೆಯಾಡಿಸಿದ್ದಾನೆ. ಅವಳು ಕೇಳುವುದು ತುಂಬ ಚಿಕ್ಕದು. ನನಗೆ ಯಾರೂ ಬೇಡ, ಮದುವೆಯೇ ಆಗದೆ ಇರುತ್ತೇನೆ, ಬಿಡಿ ಅಂತ. ಅದಕ್ಕೂ ಒಪ್ಪಿಗೆಯಿಲ್ಲ. ಕೋಣೆಯಲ್ಲಿ ಕೂಡಿಹಾಕುತ್ತಾರೆ. ನಂಬಿಕೆಯ ಕೆಲಸದವಳನ್ನು ಬಿಡಿಸುತ್ತಾರೆ. ಮಸಿ, ಲೇಖನಿ ಕಿತ್ತುಕೊಳ್ಳುತ್ತಾರೆ. ಅವಳು ಲೇಖನಿಗಳನ್ನು ಅಲ್ಲಿ ಇಲ್ಲಿ ಅಡಗಿಸಿಟ್ಟು, ಕೋಳಿಗಳನ್ನು ನೋಡಿಬರುವ ನೆಪ ಮಾಡಿ, ಗೆಳತಿ ಅನ್ನಾಳಿಗೆ ಬರೆದ ಕಾಗದ ಅಲ್ಲಿ ಇಟ್ಟುಬರುತ್ತಾಳೆ. ಕೊನೆಗೆ ದಾರಿ ಕಾಣದೆ ಲವ್‌ಲೇಸ್ ಎಂಬವನ ಸಹಾಯ ನಂಬುತ್ತಾಳೆ. ಅವನು ಅವಳನ್ನು ಲಂಡನ್ನಿನ ಒಂದು ವೇಶ್ಯಾಗೃಹದಲ್ಲಿ, ಅದು ಮರ್ಯಾದಸ್ಥರ ಮನೆ ಅಂತ ನಂಬಿಸಿ, ಇಡುತ್ತಾನೆ. ಮದ್ದು ಕುಡಿಸಿ ಪ್ರಜ್ಞೆ ತಪ್ಪಿಸಿ ಅತ್ಯಾಚಾರ ಮಾಡುತ್ತಾನೆ.

ಹೋರಾಟ ಅನ್ನುವ ಮಾತಿಗೆ ಈ ಪುಸ್ತಕದಲ್ಲಿ ಅರ್ಥ ಬರುವುದು ಇಲ್ಲಿಂದ. ಆಗಿನ ಲೋಕದ ಪ್ರಕಾರ ಇದಕ್ಕೆ ಪರಿಹಾರ ಒಂದೇ: ಕೆಡಿಸಿದವನೇ ಮದುವೆಯಾಗಬೇಕು. ಅವನೂ ಸಿದ್ಧ. ಅವನ ಮನೆಯ ಹಿರಿಯ ಹೆಂಗಸರೂ ಕೇಳಿಕೊಳ್ಳುತ್ತಾರೆ. ಪ್ರಾಣ ಸ್ನೇಹಿತೆ ಅನ್ನಾ ಕೂಡ, ಬೇರೆ ದಾರಿಯಿಲ್ಲ, ಆಗಿಬಿಡು ಅನ್ನುತ್ತಾಳೆ. ಕ್ಲಾರಿಸ್ಸಾ ಒಬ್ಬಳೇ ಆಗುವುದಿಲ್ಲ ಅನ್ನುತ್ತಾಳೆ. ನನಗೆ ಇಷ್ಟು ನೀಚತನ ಮಾಡಿದವನು ನನ್ನನ್ನು ಎಂದೂ ಹೆಂಡತಿಯಾಗಿ ಪಡೆಯಲಾರ ಅಂತ ಅವನ ಮುಖಕ್ಕೇ ಹೇಳುತ್ತಾಳೆ. ಮನಸ್ಸು ಒಪ್ಪದೆ ಮೈಗೆ ಆದದ್ದು ತನ್ನ ಪಾಪವಲ್ಲ ಎಂಬ ಆ ನಿಲುವನ್ನು 1748ರಲ್ಲಿ, ಸುತ್ತಲಿನ ಎಲ್ಲರ ವಿರುದ್ಧ, ಹತ್ತೊಂಬತ್ತು ವರ್ಷದ ಹುಡುಗಿ ಹಿಡಿದು ನಿಲ್ಲುತ್ತಾಳೆ. ಇಂದಿಗೂ ಅತ್ಯಾಚಾರ ಮಾಡಿದವನ ಜೊತೆ ರಾಜಿ ಮಾಡಿ ಮದುವೆ ಮಾಡಿಸುವ ಮಾತು ಕೇಳಿಬರುತ್ತದೆ. ಅದಕ್ಕೇ ಈ ಪುಸ್ತಕ ಹಳತಾಗಿಲ್ಲ ಅಂತ ನಾನು ಹೇಳುವುದು.

ಆಮೇಲೆ ಅವಳು ಒಂದು ಗ್ಲೌಸಿನ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ದಿನೇ ದಿನೇ ಕುಗ್ಗುತ್ತಾಳೆ. ಅಜ್ಜನ ಎಸ್ಟೇಟ್ ಕಾನೂನಿನ ಪ್ರಕಾರ ಅವಳದೇ, ಆದರೂ ಖರ್ಚಿಗೆ ತೊಟ್ಟ ಬಟ್ಟೆ ಮಾರಬೇಕಾಗುತ್ತದೆ. ತನ್ನ ಶವಪೆಟ್ಟಿಗೆಯನ್ನು ತಾನೇ ಮಾಡಿಸಿ ಕೋಣೆಗೆ ತರಿಸಿಕೊಳ್ಳುತ್ತಾಳೆ, ಅದರ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಾಳೆ. ಸಂಪುಟಗಳು ಒಂದೊಂದಾಗಿ ಬರುತ್ತಿದ್ದಾಗ ಓದುಗರು, ಅದರಲ್ಲೂ ಹೆಂಗಸರು, ಅವಳನ್ನು ಉಳಿಸಿ, ಇಬ್ಬರಿಗೂ ಮದುವೆ ಮಾಡಿಸಿ ಅಂತ ರಿಚರ್ಡ್‌ಸನ್‌ಗೆ ಕಾಗದ ಬರೆದರು. ಅವನು ಒಪ್ಪಲಿಲ್ಲ. ಕೆಟ್ಟವನು ತಿದ್ದಿಕೊಂಡರೆ ಅವನೇ ಒಳ್ಳೆಯ ಗಂಡ ಎಂಬ ಅಪಾಯದ ನಂಬಿಕೆಯನ್ನು ಒಡೆಯಲೆಂದೇ ಬರೆದದ್ದು ಎಂದ. ಪಮೇಲಾಳ ಮದುವೆ ಮಾಡಿಸಿದವನೂ ಇವನೇ. ಏಳೆಂಟು ವರ್ಷದಲ್ಲಿ ಅವನೆಷ್ಟು ದೂರ ನಡೆದಿದ್ದಾನೆ ನೋಡಿ.

ಹಾಗಾದರೆ ಗಂಡಸರ ಬರಹಕ್ಕೂ ಹೆಂಗಸರ ಬರಹಕ್ಕೂ ವ್ಯತ್ಯಾಸವೇ ಇಲ್ಲವೇ? ಇದೆ. ರಿಚರ್ಡ್‌ಸನ್‌ನಂಥವರು ಅಪಹರಣ, ಅತ್ಯಾಚಾರ, ಸಾವು ಎಂದು ದೊಡ್ಡ ಆಪತ್ತಿನ ಕಡೆ ಹೋಗುತ್ತಾರೆ. ಹೆಂಗಸರು ಬರೆದಾಗ ಕಷ್ಟ ತಿಂಡಿಯ ಮೇಜಿಗೆ, ದಿನಸಿ ಲೆಕ್ಕಕ್ಕೆ ಬರುತ್ತದೆ.

ಎಲೈಜಾ ಹೇವುಡ್ ಎಂಬಾಕೆಯ 'ಬೆಟ್ಸಿ ಥಾಟ್‌ಲೆಸ್' 1751ರದು. ಬೆಟ್ಸಿ ಓಡಾಟದ, ಚೆಲ್ಲು ಸ್ವಭಾವದ ಹುಡುಗಿ. ಮದುವೆಗೆ ಅವಸರವಿಲ್ಲದವಳು. ಅಣ್ಣಂದಿರ ಒತ್ತಾಯಕ್ಕೆ ಮುಂಡನ್ ಎಂಬವನನ್ನು ಮದುವೆಯಾಗುತ್ತಾಳೆ. ಮದುವೆಯಾದ ಸ್ವಲ್ಪ ದಿನಕ್ಕೇ ಅವನು ಮನೆಖರ್ಚಿನ ಲೆಕ್ಕ ತೆಗೆಯುತ್ತಾನೆ. ಕಾಫಿ, ಟೀ, ಚಾಕೊಲೇಟ್ ಮನೆಖರ್ಚಿಗೆ ಸೇರುವುದಿಲ್ಲ, ನಿನ್ನ ಕೈಖರ್ಚಿನ ದುಡ್ಡಿನಲ್ಲಿ ತಂದುಕೋ ಅನ್ನುತ್ತಾನೆ. ಅವಳು ಒಪ್ಪುವುದಿಲ್ಲ. ಆ ಕೈಖರ್ಚು ಮದುವೆ ಪತ್ರದಲ್ಲಿ ಬರೆದಿರುವುದು, ಅವಳಿಗೆ ಅಂತ ಉಳಿದಿರುವುದು ಅದೊಂದೇ. ಹೀಗೇ ಮಾತಿಗೆ ಮಾತು ಬೆಳೆದ ಒಂದು ದಿನ ಅವಳ ಸಾಕು ಅಳಿಲು ಅವನ ಕೈಗೆ ಸಿಗುತ್ತದೆ. ಅದನ್ನು ಹಿಡಿದು ಅಮೃತಶಿಲೆಯ ಬೆಂಕಿಗೂಡಿಗೆ ಬೀಸಿ ಹೊಡೆಯುತ್ತಾನೆ. ಅದು ಅಲ್ಲೇ ಸಾಯುತ್ತದೆ. ಅವನು ಬೆಟ್ಸಿಯ ಮೇಲೆ ಕೈಮಾಡುವುದಿಲ್ಲ. ಮುಂದಿನ ಏಟು ಎಲ್ಲಿಗೆ ಬೀಳಬಹುದು ಅಂತ ತೋರಿಸಿದರೆ ಸಾಕು. ಮನೆಯೊಳಗಿನ ಹಿಂಸೆ ಹೇಗೆ ಶುರುವಾಗುತ್ತದೆ ಎಂಬುದನ್ನು ಇಷ್ಟು ಚಿಕ್ಕ ಜಾಗದಲ್ಲಿ ಹೇಳಿದ ಬೇರೆ ಪುಟ ಆ ಕಾಲದಲ್ಲಿ ನಾನು ಓದಿಲ್ಲ.

ಬೆಟ್ಸಿ ಕೊನೆಗೆ ಗಂಡನ ಮನೆ ಬಿಟ್ಟು ಹೊರಡುತ್ತಾಳೆ. ಅಷ್ಟರಲ್ಲಿ ಅವನು ಕಾಯಿಲೆ ಬಿದ್ದು ಸಾಯುತ್ತಾನೆ, ಅವಳಿಗೆ ಒಳ್ಳೆಯ ಎರಡನೇ ಮದುವೆಯಾಗುತ್ತದೆ. ಇದು ತೀರಾ ಅನುಕೂಲದ ಸಾವು ಅಂತ ವಿಮರ್ಶಕರು ದೂರುತ್ತಾರೆ. ಆದರೆ ಆಗಲೇ ಹೇಳಿದ ವಿಚ್ಛೇದನದ ಲೆಕ್ಕ ನೆನಪಿಸಿಕೊಳ್ಳಿ. ಕೆಟ್ಟ ಮದುವೆಯಿಂದ ನಾಯಕಿಯನ್ನು ಬಿಡಿಸಲು ಕಾದಂಬರಿಕಾರ್ತಿಗೆ ಇದ್ದ ದಾರಿ ಸಾವೊಂದೇ. ಫ್ರಾನ್ಸಿಸ್ ಬರ್ನಿ ಎಂಬಾಕೆಯ ಕೊನೆಯ ಕಾದಂಬರಿ 'ದ ವಾಂಡರರ್'ನಲ್ಲೂ ಹಾಗೇ, ಬಲವಂತದ ಗಂಡನಿಗೆ ಮರಣದಂಡನೆಯಾದ ಮೇಲೆಯೇ ನಾಯಕಿಗೆ ಬಿಡುಗಡೆ. ಕಥೆ ಹೆಣೆಯಲು ಬಾರದೆ ಹಾಗೆ ಬರೆದರು ಅನ್ನುವುದು ಅನ್ಯಾಯ.

ಬರ್ನಿಯ ಮೊದಲ ಪುಸ್ತಕ 'ಎವೆಲಿನಾ' 1778ರಲ್ಲಿ ಹೆಸರಿಲ್ಲದೆ ಬಂತು. ಅಪ್ಪನ ಪುಸ್ತಕಗಳ ಪ್ರತಿ ಮಾಡುತ್ತಿದ್ದವಳು ಅವಳೇ. ಪ್ರೆಸ್ಸಿನವರು ಕೈಬರಹ ಗುರುತು ಹಿಡಿದಾರು ಅಂತ ಅಕ್ಷರ ಬದಲಿಸಿ ಬರೆದಳು. ಅದರಲ್ಲಿ ಒಂದು ದೃಶ್ಯವಿದೆ, ಓದುವಾಗ ಹೊಟ್ಟೆ ಕಿವುಚುತ್ತದೆ. ಇಬ್ಬರು ಶ್ರೀಮಂತರು ನೂರು ಪೌಂಡ್ ಬಾಜಿ ಕಟ್ಟಿ, ಎಂಬತ್ತು ದಾಟಿದ ಇಬ್ಬರು ಬಡ ಮುದುಕಿಯರನ್ನು ಓಟಕ್ಕೆ ನಿಲ್ಲಿಸುತ್ತಾರೆ. ಒಬ್ಬಳು ಬೀಳುತ್ತಾಳೆ. ಎವೆಲಿನಾ ಎತ್ತಲು ಓಡಿದರೆ, ಮೋಸ ಮಾಡಬೇಡಿ ಅಂತ ಬಾಜಿ ಕಟ್ಟಿದ ಲಾರ್ಡ್ ಕೂಗುತ್ತಾನೆ. ಅವಳು ನಿಲ್ಲಲೇಬೇಕಾಗುತ್ತದೆ. ಬರ್ನಿಯನ್ನು ನಗೆಯ ಲೇಖಕಿ ಅಂತಲೇ ತುಂಬ ಜನ ಓದುತ್ತಾರೆ. ಈ ಪುಟ ಓದಿದ ಮೇಲೆ ಹಾಗೆ ಹೇಳಲಾಗುವುದಿಲ್ಲ.

ಜೇನ್ ಆಸ್ಟಿನ್ ಬಗ್ಗೆ ನೀವು ಬೇಕಾದಷ್ಟು ಓದಿರುತ್ತೀರಿ. ಒಂದೇ ಅಧ್ಯಾಯ ಹೇಳುತ್ತೇನೆ. 1811ರ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯ ಎರಡನೆಯದು. ನಾರ್‌ಲ್ಯಾಂಡ್ ಎಂಬ ಎಸ್ಟೇಟು. ಮುದುಕ ಯಜಮಾನನನ್ನು ವರ್ಷಗಟ್ಟಲೆ ನೋಡಿಕೊಂಡವರು ಮಿಸೆಸ್ ಡ್ಯಾಶ್‌ವುಡ್ ಮತ್ತು ಅವಳ ಮೂವರು ಹೆಣ್ಣುಮಕ್ಕಳು. ಆದರೆ ಅವನು ಉಯಿಲಿನಲ್ಲಿ ಎಸ್ಟೇಟು ಕಟ್ಟಿಹಾಕಿದ್ದು ಅವರ ಮಲಅಣ್ಣ ಜಾನ್‌ನ ಕಡೆಗೆ, ಅವನ ನಾಲ್ಕು ವರ್ಷದ ಮಗನ ಹೆಸರಿಗೆ. ಆಗೊಮ್ಮೆ ಈಗೊಮ್ಮೆ ಬಂದು ತೊದಲು ಮಾತಾಡಿ ಗಲಾಟೆ ಮಾಡಿಹೋಗುತ್ತಿದ್ದ ಮಗು ಅದು. ಇವರ ಅಪ್ಪ ಸಾಯುವಾಗ, ತಂಗಿಯರನ್ನು ನೋಡಿಕೋ ಅಂತ ಜಾನ್ ಕೈಯಲ್ಲಿ ಮಾತು ತೆಗೆದುಕೊಳ್ಳುತ್ತಾನೆ.

ಜಾನ್ ಮೊದಲು ತಲೆಗೆ ಸಾವಿರದಂತೆ ಮೂರು ಸಾವಿರ ಪೌಂಡ್ ಕೊಡೋಣ ಅಂದುಕೊಳ್ಳುತ್ತಾನೆ. ಹೆಂಡತಿ ಫ್ಯಾನಿ ಮಾತು ಶುರು ಮಾಡುತ್ತಾಳೆ. ಪಾಪ ನಮ್ಮ ಮಗುವಿನ ಪಾಲು ಕಡಿಮೆಯಾಗುತ್ತದಲ್ಲ. ಸರಿ, ತಲೆಗೆ ಐನೂರು. ಅದೂ ಜಾಸ್ತಿಯಾಯಿತು. ಹಾಗಾದರೆ ಅವರ ಅಮ್ಮನಿಗೆ ವರ್ಷಕ್ಕೆ ನೂರು ಪೌಂಡ್ ವರ್ಷಾಶನ. ಅಯ್ಯೋ ಬೇಡ, ವರ್ಷಾಶನ ಬರುವವರು ಸಾಯುವುದೇ ಇಲ್ಲ. ಹಾಗಾದರೆ ಯಾವಾಗಲಾದರೂ ಒಮ್ಮೆ ಐವತ್ತು ಪೌಂಡ್. ಅದೂ ಯಾಕೆ? ನಿಮ್ಮ ಅಪ್ಪ ದುಡ್ಡು ಕೊಡಲು ಹೇಳಿರಲಿಕ್ಕಿಲ್ಲ, ಸಾಮಾನು ಸಾಗಿಸಲು ಸಹಾಯ ಮಾಡಿ, ಮೀನು, ಬೇಟೆಯ ಮಾಂಸ ಕಳಿಸಿದರೆ ಆಯಿತು. ಅಷ್ಟಕ್ಕೂ ಅವರು ತೆಗೆದುಕೊಂಡು ಹೋಗುವ ಪಿಂಗಾಣಿ ನಮ್ಮದಕ್ಕಿಂತ ಎಷ್ಟು ಚೆನ್ನಾಗಿದೆ ಗೊತ್ತಾ? ಅಧ್ಯಾಯ ಮುಗಿಯುವಾಗ ಮೂರು ಸಾವಿರ ಪೌಂಡ್ ಸೊನ್ನೆಯಾಗಿದೆ. ಜಾನ್‌ಗೆ ಈ ಎಸ್ಟೇಟಿನಿಂದ ವರ್ಷಕ್ಕೆ ಹೊಸದಾಗಿ ನಾಲ್ಕು ಸಾವಿರ ಬರಲಿದೆ. ನಾಲ್ವರು ಹೆಂಗಸರಿಗೆ ಸೇರಿ ವರ್ಷಕ್ಕೆ ಐನೂರು. ಯಾರೂ ಕೂಗಾಡಲಿಲ್ಲ, ಯಾರೂ ಕಾನೂನು ಮುರಿಯಲಿಲ್ಲ. ಇನ್ನೊಬ್ಬರ ಮರ್ಜಿಯಲ್ಲಿ ಬದುಕುವುದು ಅಂದರೆ ಇದೇ. ಈ ಹುಡುಗಿಯರು ಆಮೇಲೆ ಮದುವೆಯ ಬಗ್ಗೆ ಯೋಚಿಸಿದರೆ ಅದನ್ನು ಬರೀ ಪ್ರೇಮದ ಚಿಂತೆ ಅನ್ನಲಾಗುತ್ತದೆಯೇ? 'ಪ್ರೈಡ್ ಅಂಡ್ ಪ್ರೆಜುಡಿಸ್'ನ ಷಾರ್ಲೆಟ್ ಇಪ್ಪತ್ತೇಳನೇ ವಯಸ್ಸಿನಲ್ಲಿ ಆ ದಡ್ಡ ಕಾಲಿನ್ಸ್‌ನನ್ನು ಒಪ್ಪಿದ್ದೂ ತಲೆಯ ಮೇಲೊಂದು ಸೂರಿಗಾಗಿ. ಗಂಡ ಜಾಸ್ತಿ ಒಳಗೆ ಬರದಿರಲಿ ಅಂತ ಅವಳು ಮನೆಯ ಹಿಂಬದಿಯ ಕೋಣೆಯನ್ನು ತನ್ನದಾಗಿ ಮಾಡಿಕೊಳ್ಳುತ್ತಾಳೆ. ಗೆಳತಿ ಎಲಿಜಬೆತ್‌ಗೆ ಮೊದಲು ಅದು ವಿಚಿತ್ರ ಅನ್ನಿಸುತ್ತದೆ, ಆದರೆ ಬೇಗನೇ ಕಾರಣ ಅರ್ಥವಾಗುತ್ತದೆ.

ದುಡಿದು ತಿನ್ನಬಹುದಿತ್ತಲ್ಲ ಅಂತ ನೀವು ಕೇಳಬಹುದು. ಈ ಪ್ರಶ್ನೆಯನ್ನೇ ಹಿಡಿದು ಬರ್ನಿ 1814ರಲ್ಲಿ ಐದು ಸಂಪುಟದ 'ದ ವಾಂಡರರ್' ಬರೆದಳು. ಹೆಂಗಸಿನ ಕಷ್ಟಗಳು ಎಂಬುದು ಅದರ ಎರಡನೇ ಹೆಸರು. ಫ್ರಾನ್ಸಿನ ಕ್ರಾಂತಿಯಿಂದ ತಪ್ಪಿಸಿಕೊಂಡು ಬಂದ ಜೂಲಿಯೆಟ್‌ಗೆ ಹೆಸರು ಹೇಳುವ ಹಾಗಿಲ್ಲ, ಕೈಯಲ್ಲಿ ಕಾಸಿಲ್ಲ. ಹಾರ್ಪ್ ವಾದ್ಯ ಕಲಿಸುತ್ತಾಳೆ. ದೊಡ್ಡ ಮನೆಯ ಹೆಂಗಸರು ಪಾಠ ಹೇಳಿಸಿಕೊಳ್ಳುತ್ತಾರೆ, ಫೀಸು ಮಾತ್ರ ಮುಂದೂಡುತ್ತಾರೆ. ಬಾಯಿಬಿಟ್ಟು ಕೇಳಿದರೆ ಅದೇ ಅಹಂಕಾರ. ಇತ್ತ ಅಂಗಡಿಯವರು ಬಾಕಿಗಾಗಿ ಬಾಗಿಲಿಗೆ ಬರುತ್ತಾರೆ. ಟೋಪಿ ಅಂಗಡಿ, ಹೊಲಿಗೆ ಅಂಗಡಿ, ಆಮೇಲೆ ಒಬ್ಬ ಶ್ರೀಮಂತ ಮುದುಕಿಯ ಜೊತೆಗಾತಿಯ ಕೆಲಸ. ಆ ಮುದುಕಿ ಮಾತಿನಲ್ಲೇ ದಿನವೂ ಚುಚ್ಚುತ್ತಾಳೆ. ಪುಸ್ತಕ ಉದ್ದವಾಯಿತು, ನಿಜ, ಎಷ್ಟೋ ಕಡೆ ಎಳೆದಿದೆ. ಆದರೆ ಕೆಲಸ ಕೇಳಿಕೊಂಡು ಮನೆ ಮನೆ ಅಲೆಯುವ ಹೆಂಗಸಿನ ಅವಮಾನವನ್ನು ಇಷ್ಟು ವಿವರವಾಗಿ ಅದಕ್ಕೆ ಮುಂಚೆ ಯಾರೂ ಬರೆದಿರಲಿಲ್ಲ ಅಂತ ನನ್ನ ಅಭಿಪ್ರಾಯ.

ಇನ್ನು ನಿಮ್ಮ ಮೂರನೇ ಪ್ರಶ್ನೆ, ಬಡ ಹೆಂಗಸರದು. ನೀವು ಕೇಳಿದ ಮೂರರಲ್ಲಿ ನನಗೆ ಇದೇ ಹೆಚ್ಚು ಹಿಡಿಸಿತು. ಏಮಿ, ಪಮೇಲಾ, ಓಟದ ಮುದುಕಿಯರು ಎಲ್ಲರೂ ಇದ್ದಾರೆ. ಆದರೆ ಬಡವಳೊಬ್ಬಳು ತನ್ನ ಇಡೀ ಬದುಕನ್ನು ತಾನೇ ಹೇಳಿ, ಎದುರಿಗಿದ್ದ ಶ್ರೀಮಂತಳು ಸುಮ್ಮನೆ ಕೂತು ಕೇಳುವ ಜಾಗ ಮೇರಿ ವುಲ್‌ಸ್ಟನ್‌ಕ್ರಾಫ್ಟ್‌ನ 'ಮರಾಯಾ'ದಲ್ಲಿದೆ. ವುಲ್‌ಸ್ಟನ್‌ಕ್ರಾಫ್ಟ್ 1797ರಲ್ಲಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡಳು. ಪುಸ್ತಕ ಅರ್ಧಕ್ಕೇ ನಿಂತಿತ್ತು. ಗಂಡ ವಿಲಿಯಂ ಗಾಡ್ವಿನ್ ಮರುವರ್ಷ ಅದನ್ನು ಹಾಗೆಯೇ ಪ್ರಕಟಿಸಿದ.

ಮರಾಯಾಳ ಆಸ್ತಿಗಾಗಿ ಗಂಡ ವೆನೆಬಲ್ಸ್ ಅವಳ ಹಸುಗೂಸನ್ನು ಕಿತ್ತುಕೊಂಡು, ಬುದ್ಧಿ ಸರಿಯಿರುವ ಅವಳನ್ನು ಖಾಸಗಿ ಹುಚ್ಚಾಸ್ಪತ್ರೆಯಲ್ಲಿ ಕೂಡಿಹಾಕಿಸುತ್ತಾನೆ. ಇದು ಬರೀ ಕಲ್ಪನೆಯಲ್ಲ. ಹೆಂಡತಿಯರನ್ನು ಹೀಗೆ ಹುಚ್ಚಾಸ್ಪತ್ರೆಗೆ ದೂಡುವುದರ ವಿರುದ್ಧ ಡಿಫೊ 1728ರಲ್ಲೇ ಬರೆದಿದ್ದ. ಅಲ್ಲಿ ಅವಳನ್ನು ಕಾಯುವವಳು ಜೆಮೈಮಾ. ಕೆಲಸದವಳೊಬ್ಬಳಿಗೆ ಮದುವೆಯಿಲ್ಲದೆ ಹುಟ್ಟಿ, ತಾಯಿಯನ್ನು ಹುಟ್ಟಿದ ಕೆಲವೇ ದಿನಕ್ಕೆ ಕಳೆದುಕೊಂಡವಳು. ಹದಿನಾರರಲ್ಲಿ ಯಜಮಾನ ಕೆಡಿಸುತ್ತಾನೆ, ಯಜಮಾನಿ ಹೊಡೆದು ಹೊರಗೆ ಹಾಕುತ್ತಾಳೆ. ಬೀದಿ, ಮೈಮಾರಾಟ, ಮತ್ತೆ ಬಟ್ಟೆ ಒಗೆಯುವ ಕೆಲಸ. ರಾತ್ರಿ ಒಂದು ಗಂಟೆಗೆ ಶುರುವಾದರೆ ಮರುಸಂಜೆ ಎಂಟರ ತನಕ, ದಿನಕ್ಕೆ ಹದಿನೆಂಟೋ ಇಪ್ಪತ್ತೋ ಪೆನ್ಸ್. ಆಗ ಪೌಂಡಿಗೆ 240 ಪೆನ್ಸ್. ವರ್ಷದಲ್ಲಿ ಒಂದು ದಿನವೂ ತಪ್ಪದೆ ದುಡಿದರೂ ಹೆಚ್ಚೆಂದರೆ ಮೂವತ್ತು ಪೌಂಡ್ ಚಿಲ್ಲರೆ ಆಗುತ್ತದೆ. ಜಾನ್ ಡ್ಯಾಶ್‌ವುಡ್‌ನ ನಾಲ್ಕು ಸಾವಿರದ ಪಕ್ಕ ಇಟ್ಟು ನೋಡಿ. ಕೆಲಸ ಮಾಡುವ ಮನಸ್ಸಿದ್ದರೆ ಎಲ್ಲರಿಗೂ ಕೆಲಸ ಸಿಗುತ್ತದೆ ಎಂಬ ಮಾತು ಎಷ್ಟು ಸುಳ್ಳು ಅಂತ ಜೆಮೈಮಾ ಹೇಳುತ್ತಾಳೆ. ನನ್ನ ಅರ್ಧದಷ್ಟು ದುಡಿಯುವ ಗಂಡಸು ಮರ್ಯಾದೆಯಿಂದ ಬದುಕುತ್ತಿದ್ದ ಅನ್ನುತ್ತಾಳೆ.

ಅದೇ ಪುಸ್ತಕದಲ್ಲಿ ಕೋಣೆಗಳನ್ನು ಬಾಡಿಗೆಗೆ ಕೊಡುವ ಒಬ್ಬ ಹೆಂಗಸಿದ್ದಾಳೆ. ಅವಳು ದುಡಿದು ಕೂಡಿಸಿದ ಸಾಮಾನನ್ನೆಲ್ಲ ಗಂಡ ಬಂದು ಮಾರಿಕೊಂಡು ಹೋಗಿರುತ್ತಾನೆ. ಕಾನೂನಿನ ಹತ್ತಿರ ಹೋದರೆ ಸೋಲುವವಳು ಯಾವಾಗಲೂ ಹೆಂಗಸೇ ಅಂತ ಅವಳ ಅನುಭವದ ಮಾತು. ಹೆಂಡತಿ ಅಂದರೆ ಗಂಡನಿಗೆ ಕುದುರೆ, ಕತ್ತೆಯಷ್ಟೇ ಸ್ವಂತದ ಸೊತ್ತು ಎಂಬ ಮಾತೂ ಮರಾಯಾಳ ಕಥೆಯಲ್ಲೇ ಬರುತ್ತದೆ. ಆಸ್ತಿವಂತಳಾದ ಮರಾಯಾ, ದಿಕ್ಕಿಲ್ಲದ ಜೆಮೈಮಾ, ಬಾಡಿಗೆ ಮನೆಯ ಹೆಂಗಸು, ಈ ಮೂವರನ್ನೂ ಒಂದೇ ಕಾನೂನು ಮೂರು ಥರ ಹಿಂಡುತ್ತದೆ. ವುಲ್‌ಸ್ಟನ್‌ಕ್ರಾಫ್ಟ್ ಇದನ್ನು ಒಂದೇ ಪುಸ್ತಕದಲ್ಲಿ ಪಕ್ಕ ಪಕ್ಕ ಇಟ್ಟಳು. ಅರ್ಧ ಪುಸ್ತಕವಾದರೂ ನನ್ನ ದೃಷ್ಟಿಯಲ್ಲಿ 'ಕ್ಲಾರಿಸ್ಸಾ'ದ ಪಕ್ಕದಲ್ಲೇ ಇದರ ಜಾಗ.

ಕಾನೂನು ಮಾತ್ರ ತುಂಬ ನಿಧಾನವಾಗಿ ಬದಲಾಯಿತು. ಚಿಕ್ಕ ಮಕ್ಕಳನ್ನು ತನ್ನ ಹತ್ತಿರ ಇಟ್ಟುಕೊಳ್ಳಲು ತಾಯಿ ಕೋರ್ಟಿನಲ್ಲಿ ಕೇಳಬಹುದು ಅಂತ ಆದದ್ದು 1839ರಲ್ಲಿ. ದುಡಿದ ಕೂಲಿ ಹೆಂಡತಿಯದೇ ಅಂತ ಆದದ್ದು 1870ರಲ್ಲಿ. ಎಲ್ಲ ಬಗೆಯ ಸ್ವಂತ ಆಸ್ತಿಯನ್ನು ಇಟ್ಟುಕೊಳ್ಳುವ ಹಕ್ಕು ಬಂದದ್ದು 1882ರಲ್ಲಿ. ರೊಕ್ಸಾನಾ ಆ ವಾದ ಹೂಡಿ ಆಗಲೇ ನೂರೈವತ್ತೆಂಟು ವರ್ಷವಾಗಿತ್ತು.

ಪ್ರಬಂಧಕ್ಕೆ ಸಮಯ ಕಡಿಮೆ ಇದ್ದರೆ ಎಲ್ಲವನ್ನೂ ಓದಲು ಹೋಗಬೇಡಿ. ಆಸ್ಟಿನ್‌ನ ಆ ಎರಡನೇ ಅಧ್ಯಾಯದಿಂದ ಶುರು ಮಾಡಿ. ಆಮೇಲೆ 'ಮರಾಯಾ', ಅದು ಚಿಕ್ಕದು, ಪೂರ್ತಿ ಓದಿ. 'ರೊಕ್ಸಾನಾ'ದಲ್ಲಿ ಡಚ್ ವ್ಯಾಪಾರಿಯ ಜೊತೆಗಿನ ವಾದ ತಪ್ಪಿಸಬೇಡಿ. 'ಕ್ಲಾರಿಸ್ಸಾ' ಒಂದು ಸೆಮಿಸ್ಟರಿನಲ್ಲಿ ಮುಗಿಯುವ ಪುಸ್ತಕವಲ್ಲ. ಮನೆಯವರ ಒತ್ತಾಯದ ಮೊದಲ ಭಾಗ ಮತ್ತು ಅವಳು ಮದುವೆ ನಿರಾಕರಿಸುವ ಕಾಗದಗಳನ್ನು ಓದಿ. ಸಂಕ್ಷಿಪ್ತ ಪ್ರತಿ ಕೊಳ್ಳುವುದಾದರೆ ಅದರಲ್ಲಿ ಗೆಳತಿ ಅನ್ನಾಳ ಕಾಗದಗಳು ಉಳಿದಿವೆಯಾ ಅಂತ ನೋಡಿಕೊಳ್ಳಿ. ಗಂಡಸರ ಗೊಡವೆಯೇ ಬೇಡ, ನಾವಿಬ್ಬರೇ ಒಟ್ಟಿಗೆ ಎಷ್ಟು ಚೆನ್ನಾಗಿ ಬದುಕಬಹುದು ಅಂತ ಕ್ಲಾರಿಸ್ಸಾಗೆ ಬರೆಯುವವಳು ಅವಳೇ.